ಕತ್ತಲೆ ಇರಲಿ, ಕತ್ತರಿ ಬೇಡ: ‘ಗೇಮ್ ಆಫ್ ಥ್ರೋನ್ಸ್’ ಬರೆದವರಿಗೆ ಒಂದು ಬಹಿರಂಗ ಪತ್ರ

ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಅವರಿಗೆ,

ನಮಸ್ಕಾರ.

ನಿಮ್ಮ ಧಾರಾವಾಹಿಯ ಎಂಟನೇ ಸೀಸನ್ನಿನ ಮೂರನೇ ಕಂತು ‘ದಿ ಲಾಂಗ್ ನೈಟ್’ ಬಗ್ಗೆ ಈ ಪತ್ರ. 2019ರ ಏಪ್ರಿಲ್ 28ರ ರಾತ್ರಿ ಅಮೆರಿಕದಲ್ಲಿ ಪ್ರಸಾರವಾದ ಕಂತು. ಸತ್ತವರನ್ನು ಎಬ್ಬಿಸಿ ಸೈನ್ಯ ಕಟ್ಟಿದ ನೈಟ್ ಕಿಂಗ್, ಬದುಕಿದವರು ಸೇರಿ ನಿಂತ ವಿಂಟರ್‌ಫೆಲ್ ಕೋಟೆಯ ಮೇಲೆ ಒಂದು ರಾತ್ರಿ ಮಾಡುವ ದಾಳಿಯ ಕಥೆ. ಅವತ್ತು ಒಂದೇ ರಾತ್ರಿ ಅಲ್ಲಿ 1.78 ಕೋಟಿ ಜನ ನೋಡಿದರು. ಮಾರನೇ ದಿನದಿಂದ ಬೈಗುಳ ಶುರುವಾಯಿತು. ಏನೂ ಕಾಣಲಿಲ್ಲ ಅಂದರು. ಕವಣೆಯಂತ್ರಗಳನ್ನು ಸೈನ್ಯದ ಮುಂದೆ ಯಾರಾದರೂ ಇಡುತ್ತಾರಾ ಅಂದರು. ಕುದುರೆ ಸವಾರರನ್ನು ಕತ್ತಲೆಗೆ ನುಗ್ಗಿಸಿದ್ದು ಯಾವ ಸೀಮೆಯ ಯುದ್ಧತಂತ್ರ ಅಂತ ಕೇಳಿದರು. ಇದೆಲ್ಲ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ.

ನನ್ನ ದೂರು ಇವುಗಳಲ್ಲಿ ಯಾವುದೂ ಅಲ್ಲ. ಈ ಕಂತನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇದರ ಕೆಲವು ನಿಮಿಷಗಳಲ್ಲಿ ಇರುವಷ್ಟು ಭಯವನ್ನು ನಾನು ಬೇರೆ ಯಾವ ಧಾರಾವಾಹಿಯಲ್ಲೂ ಕಂಡಿಲ್ಲ. ಇದೇ ಕಂತಿನ ಇನ್ನು ಕೆಲವು ನಿಮಿಷ ಬಂದಾಗ ಮಾತ್ರ ಇವತ್ತಿಗೂ ಬೇಜಾರಾಗುತ್ತದೆ. ಎರಡನ್ನೂ ಬರೆದವರು ನೀವೇ. ಹಾಗಾಗಿ ಎರಡನ್ನೂ ನಿಮಗೇ ಹೇಳಬೇಕು.

ಮೊದಲು ದೋತ್ರಾಕಿಗಳ, ಅಂದರೆ ಡೆನೇರಿಸ್ ರಾಣಿಯ ಕುದುರೆ ಸವಾರರ ವಿಷಯ.

ವಿಂಟರ್‌ಫೆಲ್ ಕೋಟೆಯ ಹೊರಗೆ ಸೈನ್ಯ ನಿಂತಿದೆ. ಎದುರಿಗೆ ಬರೀ ಕತ್ತಲೆ. ಯಾರೂ ಮಾತಾಡುತ್ತಿಲ್ಲ. ಶುರುವಿನಲ್ಲೇ ಕ್ಯಾಮೆರಾ ಸ್ಯಾಮ್‌ನ ನಡುಗುವ ಕೈಗಳ ಮೇಲಿತ್ತು. ಅವನ ಹಿಂದೆ ಅಂಗಳದ ಗದ್ದಲದಲ್ಲಿ ಹೋಗಿ, ಅಲ್ಲಿಂದ ಟಿರಿಯನ್ ಹಿಂದೆ ಸಾಗಿ, ಒಬ್ಬೊಬ್ಬರ ಮುಖ ತೋರಿಸಿತ್ತು. ಎಲ್ಲರಿಗೂ ಒಂದೇ ಭಯ. ಅಷ್ಟರಲ್ಲಿ ಕತ್ತಲೆಯಿಂದ ಒಂದು ಕುದುರೆ ನಿಧಾನವಾಗಿ ನಡೆದು ಬರುತ್ತದೆ. ಮೇಲೆ ಮಂತ್ರಗಾತಿ ಮೆಲಿಸಾಂಡ್ರೆ. ಈ ದೋತ್ರಾಕಿಗಳ ಭಾಷೆ ಬರುತ್ತಾ ಅಂತ ಡೆನೇರಿಸ್‌ಳ ನಂಬಿಕಸ್ಥ ಜೋರಾನನ್ನು ಕೇಳುತ್ತಾಳೆ. ಕತ್ತಿ ಎತ್ತಲು ಹೇಳು ಅನ್ನುತ್ತಾಳೆ. ಒಬ್ಬ ಸವಾರನ ಬಾಗು ಕತ್ತಿಯನ್ನು ಬರಿಗೈಯಲ್ಲಿ ಹಿಡಿದು ಮಂತ್ರ ಹೇಳುತ್ತಾಳೆ. ಆ ಕತ್ತಿ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಬೆಂಕಿ ಸಾಲಾಗಿ ಹರಿಯುತ್ತದೆ. ಕಣ್ಣು ಹಾಯುವಷ್ಟು ದೂರ ಉರಿಯುವ ಕತ್ತಿಗಳು. ಅಲ್ಲಿಯವರೆಗೆ ಸಪ್ಪಗಿದ್ದ ಸೈನಿಕರ ಮುಖದಲ್ಲಿ ಸ್ವಲ್ಪ ಬೆಳಕು ಬರುತ್ತದೆ. ನೋಡುವ ನಮಗೂ ಜೀವ ಬಂದ ಹಾಗಾಗುತ್ತದೆ. ಗೆದ್ದೇ ಬಿಡುತ್ತಾರೇನೋ ಅನ್ನಿಸುತ್ತದೆ.

ಆಮೇಲೆ ಅವರು ಹೊರಡುತ್ತಾರೆ. ಕಿರುಚುತ್ತಾ, ಉರಿಯುವ ಕತ್ತಿ ಬೀಸುತ್ತಾ, ಜೋರಾ ಮುಂದೆ, ಜೊತೆಗೆ ಗೋಸ್ಟ್ ತೋಳ. ತಲೆಯ ಮೇಲಿಂದ ಕವಣೆಯ ಬೆಂಕಿಯುಂಡೆಗಳು. ಸ್ವಲ್ಪ ದೂರ ಅವರ ಜೊತೆಗೇ ಓಡಿದ ಕ್ಯಾಮೆರಾ ಕೋಟೆಯ ಕಡೆ ಉಳಿದವರ ಹತ್ತಿರ ವಾಪಸ್ ಬರುತ್ತದೆ. ಈ ಕಂತಿನ ಅತ್ಯಂತ ಒಳ್ಳೆಯ ನಿರ್ಧಾರ ಇದೇ. ಅಲ್ಲಿ ಏನಾಯಿತು ಅಂತ ನಮಗೆ ತೋರಿಸುವುದಿಲ್ಲ. ಬ್ರಿಯೆನ್, ಜೇಮಿ ಅನ್ನುವ ಯೋಧರು ನಿಂತ ಜಾಗದಿಂದ ಅವರಿಗೆ ಎಷ್ಟು ಕಾಣುತ್ತದೋ ಅಷ್ಟೇ ನಮಗೂ. ದೂರದಲ್ಲಿ ಬೆಳಕಿನ ಸಾಲು ಹೋಗಿ ಯಾವುದಕ್ಕೋ ಬಡಿಯುತ್ತದೆ. ಗದ್ದಲ ಕೇಳುತ್ತದೆ. ಆಮೇಲೆ ಗುಡ್ಡದಾಚೆಯ ಊರಲ್ಲಿ ಕರೆಂಟು ಹೋದ ಹಾಗೆ, ಒಂದೊಂದೇ ದೀಪ, ಆಮೇಲೆ ಗುಂಪು ಗುಂಪಾಗಿ, ಕೊನೆಗೆ ಎಲ್ಲವೂ ಆರಿಹೋಗುತ್ತವೆ. ಸದ್ದೂ ನಿಲ್ಲುತ್ತದೆ. ರಕ್ತ ಇಲ್ಲ, ಹೆಣ ಇಲ್ಲ, ಒಂದು ಮುಖವೂ ಇಲ್ಲ. ಇಡೀ ಒಂದು ಜನಾಂಗದ ಸೈನ್ಯ ಸತ್ತಿದ್ದು ಗೊತ್ತಾಗುತ್ತದೆ.

ಸವಾರರಿಲ್ಲದ ಕುದುರೆಗಳು ವಾಪಸ್ ಬರುತ್ತವೆ. ಬೆರಳೆಣಿಕೆಯ ಜನ ಓಡಿ ಬರುತ್ತಾರೆ. ಜೋರಾ ಬರುತ್ತಾನೆ. ಮೇಲಿನ ಗುಡ್ಡದಿಂದ ನೋಡುತ್ತಿದ್ದ ಡೆನೇರಿಸ್ ಡ್ರ್ಯಾಗನ್ ಕಡೆ ಹೊರಡುತ್ತಾಳೆ. ಪಕ್ಕದಲ್ಲಿದ್ದ ಜಾನ್ ತಡೆಯುತ್ತಾನೆ, ನೈಟ್ ಕಿಂಗ್ ಬರುತ್ತಾನೆ, ಅವನಿಗಾಗಿ ಕಾಯಬೇಕು ಅಂತ. ಸತ್ತವರು ಆಗಲೇ ಬಂದಾಯಿತು ಅನ್ನುತ್ತಾಳೆ. ಎಷ್ಟೋ ಹೊತ್ತು ಕೂತು ಮಾಡಿದ ಯೋಜನೆ ಆ ಒಂದೇ ಮಾತಿಗೆ ಮುಗಿದುಹೋಗುತ್ತದೆ. ಅವಳು ಮಾಡಿದ್ದು ತಪ್ಪೇ ಇರಬಹುದು. ಆದರೆ ಕಣ್ಣೆದುರು ತನ್ನ ಜನ ಆರಿಹೋಗಿದ್ದನ್ನು ನೋಡಿದವಳು ಇನ್ನೇನು ಮಾಡಿಯಾಳು? ಇಲ್ಲಿಯವರೆಗೆ ನಿಮ್ಮ ಬರವಣಿಗೆಯಲ್ಲಿ ಒಂದು ಎಳೆಯೂ ಸಡಿಲ ಇಲ್ಲ.

ಕತ್ತಲೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ದೃಶ್ಯಕ್ಕೆ ಕತ್ತಲೆ ಬೇಕೇ ಬೇಕು. ಬೆಳಕಿದ್ದರೆ ದೀಪ ಆರುವುದಕ್ಕೆ ಅರ್ಥವೇ ಇರುವುದಿಲ್ಲ. ಹಿಮಗಾಳಿ ಎದ್ದ ಮೇಲೆ ಡ್ರ್ಯಾಗನ್ ಏರಿದ ಜಾನ್ ಮತ್ತು ಡೆನೇರಿಸ್ ಆಕಾಶದಲ್ಲಿ ದಾರಿ ತಪ್ಪಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಷ್ಟು ಹತ್ತಿರ ಬರುವುದೂ ಅದೇ ಕತ್ತಲೆಯಿಂದ. ಅವರಿಗೆ ಕಾಣದ್ದು ನಮಗೂ ಕಾಣಬಾರದು, ಅದು ಸರಿ. ಆದರೆ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಅವರು ತಮ್ಮ ಚಿತ್ರೀಕರಣದಲ್ಲಿ ದೋಷವಿಲ್ಲ, ಜನ ತಮ್ಮ ಟೀವಿ ಸರಿಯಾಗಿ ಹೊಂದಿಸಿಕೊಳ್ಳಬೇಕು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಅದು ಸರಿ ಬರಲಿಲ್ಲ. ಭಾರತದಲ್ಲಿ ಇದು ಹಾಟ್‌ಸ್ಟಾರ್‌ನಲ್ಲಿ ಬಂದಿದ್ದು ಸೋಮವಾರ ಬೆಳಗ್ಗೆ ಆರೂವರೆಗೆ. ಹೊರಗೆ ಏಪ್ರಿಲ್ ಬಿಸಿಲು ಏರುವ ಹೊತ್ತು. ಬೆಂಗಳೂರು, ಮೈಸೂರು, ಮಂಗಳೂರಲ್ಲಿ ಆಫೀಸಿಗೆ ಹೋಗೋ ಮುಂಚೆ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಕೆಲವರು ಬರೀ ಮೊಬೈಲಿನಲ್ಲಿ ನೋಡಿದ್ದು. ಇಂಟರ್‌ನೆಟ್‌ನಲ್ಲಿ ಬರುವ ಚಿತ್ರವನ್ನು ಒತ್ತಿ ಒತ್ತಿ ಚಿಕ್ಕದು ಮಾಡಿರುತ್ತಾರೆ. ಹಾಗೆ ಮಾಡುವಾಗ ಮೊದಲು ಹಾಳಾಗುವುದೇ ಕಡುಗಪ್ಪಿನ ಸೂಕ್ಷ್ಮ ಛಾಯೆಗಳು. ಹಿಮ, ಹೊಗೆ, ಕತ್ತಲೆ ಮೂರೂ ಸೇರಿದರೆ ಪರದೆಯ ಮೇಲೆ ಉಳಿಯುವುದು ಬೂದು ಬಣ್ಣದ ಚೌಕಗಳು. ಇದರಲ್ಲಿ ನೋಡುವವರ ತಪ್ಪೇನಿದೆ? ಸ್ಟುಡಿಯೋದ ಒಳ್ಳೆಯ ಮಾನಿಟರ್‌ನಲ್ಲಿ ನೋಡಿದವರಿಗೆ ಸಿಕ್ಕ ಕಂತು ನಮಗೆ ಸಿಗಲಿಲ್ಲ, ಅಷ್ಟೇ. ಆಮೇಲೆ ಕತ್ತಲೆ ಕೋಣೆಯಲ್ಲಿ ಒಳ್ಳೆಯ ಟೀವಿಯಲ್ಲಿ ನೋಡಿದಾಗ ಎಷ್ಟು ಚೆಂದ ತೆಗೆದಿದ್ದಾರೆ ಅಂತ ಗೊತ್ತಾಯಿತು. ಹಾಗಾಗಿ ಕತ್ತಲೆ ಇರಲಿ. ಅದರ ಮೇಲೆ ನನಗೆ ಜಗಳ ಇಲ್ಲ.

ನನ್ನ ಜಗಳ ಕತ್ತರಿಯ ಮೇಲೆ.

ಕೋಟೆಯೊಳಗೆ ಯುದ್ಧ ನುಗ್ಗಿದ ಮೇಲೆ ಏನಾಗುತ್ತದೆ ನೋಡಿ. ಬ್ರಿಯೆನ್‌ಳನ್ನು ಹೆಣಗಳು ಗೋಡೆಗೆ ಒತ್ತಿ ಹಿಡಿಯುತ್ತವೆ. ಪಕ್ಕದಲ್ಲೇ ಜೇಮಿ, ಪಾಡ್ರಿಕ್. ಇನ್ನೇನು ಮುಗಿಯಿತು ಅನ್ನುವಾಗ ಕಟ್. ಬೇರೆ ಕಡೆ ಹೋಗುತ್ತೇವೆ. ತಿರುಗಿ ಬಂದಾಗ ಅವರು ಅಲ್ಲೇ ನಿಂತು ಹೋರಾಡುತ್ತಿದ್ದಾರೆ. ಮತ್ತೆ ಮೇಲೆ ಬೀಳುತ್ತವೆ. ಮತ್ತೆ ಕಟ್. ಮತ್ತೆ ಬದುಕಿದ್ದಾರೆ. ಟಾರ್ಮಂಡ್‌ಗೂ ಹಾಗೇ. ಗ್ರೇ ವರ್ಮ್‌ಗೂ ಹಾಗೇ.

ಸ್ಯಾಮ್ ವಿಷಯವಂತೂ ಹೇಳಲೇಬೇಕು. ಯುದ್ಧ ಶುರುವಾದ ಸ್ವಲ್ಪ ಹೊತ್ತಿಗೇ ಅವನು ಕೆಳಗೆ ಬೀಳುತ್ತಾನೆ. ಎಡ್ ಬಂದು ಎಬ್ಬಿಸುತ್ತಾನೆ. ಎಬ್ಬಿಸಿದ ಮರುಗಳಿಗೆಯೇ ಎಡ್ ಬೆನ್ನಿಗೆ ಇರಿತ ಬಿದ್ದು ಸಾಯುತ್ತಾನೆ. ಗೋಡೆಯ ಕಾವಲಿನಲ್ಲಿ ಮೊದಲಿನಿಂದ ಜೊತೆಗಿದ್ದ ಗೆಳೆಯ, ಇವನಿಗಾಗಿ ಪ್ರಾಣ ಬಿಟ್ಟ. ಅದು ತುಂಬಾ ಒಳ್ಳೆಯ ಗಳಿಗೆ. ಸ್ಯಾಮ್ ಹೆದರಿ ಓಡುತ್ತಾನೆ, ಅದೂ ನಿಜವಾಗಿದೆ. ಆದರೆ ಆಮೇಲೆ? ಹೆಣಗಳ ರಾಶಿಯ ಮೇಲೆ ಬಿದ್ದು, ಅಳುತ್ತಾ, ಕೈಯಲ್ಲಿದ್ದ ಚೂರಿಯಿಂದ ಕುರುಡಾಗಿ ಇರಿಯುತ್ತಾ ಇರುತ್ತಾನೆ. ಜಾನ್ ಓಡುವಾಗ ಅವನನ್ನು ನೋಡುತ್ತಾನೆ. ಒಂದು ಕ್ಷಣ ತಡೆಯುತ್ತಾನೆ. ಆಮೇಲೆ ಬಿಟ್ಟು ಮುಂದೆ ಓಡುತ್ತಾನೆ. ಎಂಥಾ ಗಳಿಗೆ ಅದು! ತನ್ನ ಅತ್ಯಂತ ಹತ್ತಿರದ ಗೆಳೆಯನನ್ನು ಸಾಯಲು ಬಿಟ್ಟು, ನೈಟ್ ಕಿಂಗ್‌ನ ಗುರಿಯಾದ ಬ್ರ್ಯಾನ್ ಸ್ಟಾರ್ಕ್‌ನನ್ನು ಉಳಿಸಲು ಹೋಗುವುದು. ಜಾನ್ ಜೀವನದಲ್ಲಿ ಅದಕ್ಕಿಂತ ಕಷ್ಟದ ಆಯ್ಕೆ ಇನ್ನೊಂದಿಲ್ಲ. ಅವನು ಅದನ್ನು ಮಾಡಿದ. ಆದರೆ ಬೆಳಗಾದಾಗ ಸ್ಯಾಮ್ ಬದುಕಿದ್ದಾನೆ. ಅಷ್ಟು ಹೊತ್ತು ಅವನ ಮೇಲಿದ್ದ ಹೆಣಗಳು ಏನು ಮಾಡುತ್ತಿದ್ದವು? ಜಾನ್ ಮಾಡಿದ ಆಯ್ಕೆಗೆ ಬೆಲೆಯೇ ಇಲ್ಲದ ಹಾಗಾಯಿತು.

ಸ್ಯಾಮ್ ಸಾಯಲಿ ಅಂತ ನನಗೆ ಆಸೆ ಇರಲಿಲ್ಲ. ಅವನು ನನಗೆ ತುಂಬಾ ಇಷ್ಟದವನು. ಆದರೆ ಸಾವಿನ ಬಾಯಿಗೆ ತಳ್ಳಿ, ಕ್ಯಾಮೆರಾ ಬೇರೆ ಕಡೆ ತಿರುಗಿಸಿ, ನಾವು ನೋಡದಿದ್ದಾಗ ಎತ್ತಿ ಹೊರಗಿಟ್ಟರೆ ಅದು ನಮ್ಮ ನಂಬಿಕೆಗೆ ಮಾಡುವ ಮೋಸ. ಮೊದಲ ಸಲ ಉಸಿರು ಬಿಗಿಹಿಡಿಯುತ್ತೇವೆ. ಎರಡನೇ ಸಲವೂ ಹಿಡಿಯುತ್ತೇವೆ. ಮೂರನೇ ಸಲಕ್ಕೆ ‘ಇವರಿಗೆ ಏನೂ ಆಗಲ್ಲ ಬಿಡು’ ಅನ್ನಿಸುತ್ತದೆ. ದೋತ್ರಾಕಿಗಳ ದೃಶ್ಯದಲ್ಲಿ ಏನೂ ತೋರಿಸದೇ ಹುಟ್ಟಿಸಿದ ಭಯ, ಇಲ್ಲಿ ಅಷ್ಟೆಲ್ಲ ತೋರಿಸಿಯೂ ಕರಗಿಹೋಗುತ್ತದೆ.

ಇದರಲ್ಲಿ ಸಂಕಲನಕಾರ ಟಿಮ್ ಪೋರ್ಟರ್ ಅವರದ್ದು ತಪ್ಪಿಲ್ಲ. ಈ ಕಂತಿಗೆ ಅವರು ಎಮ್ಮಿ ಪ್ರಶಸ್ತಿ ಗೆದ್ದರು, ಗೆಲ್ಲಬೇಕಾದವರೇ. ಬರವಣಿಗೆಯಲ್ಲಿ ಇಲ್ಲದ ಸಾವನ್ನು ಅವರು ಎಲ್ಲಿಂದ ತಂದು ಜೋಡಿಸಲಿ? ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಅವರಿಗೂ ಇದು ಗೊತ್ತಿತ್ತು. ಮೊದಲ ಹತ್ತು ನಿಮಿಷದಲ್ಲೇ ಯಾರು ಬೇಕಾದರೂ ಸಾಯಬಹುದು ಅನ್ನಿಸಬೇಕು, ಜೋರಾನನ್ನು ಆ ಕುದುರೆ ದಾಳಿಯಲ್ಲೇ ಸಾಯಿಸಬೇಕು ಅಂತ ತಾವು ಕೇಳಿದ್ದಾಗಿ, ನೀವು ಒಪ್ಪಲಿಲ್ಲ ಅಂತ ಅವರು ಸಂದರ್ಶನದಲ್ಲಿ ಹೇಳಿದ್ದಾರೆ. ಜೋರಾ ವಿಷಯದಲ್ಲಿ ನಾನು ನಿಮ್ಮ ಕಡೆ. ಡೆನೇರಿಸ್ ನೆಲಕ್ಕೆ ಬಿದ್ದು ಒಂಟಿಯಾದಾಗ ಅವನೇ ಬರಬೇಕಿತ್ತು. ಗಾಯದ ಮೇಲೆ ಗಾಯ ಆದರೂ ಬೀಳದೆ, ಎಲ್ಲ ಮುಗಿದ ಮೇಲೆಯೇ ಬೀಳಬೇಕಿತ್ತು. ಅವಳ ಡ್ರ್ಯಾಗನ್ ಡ್ರೋಗನ್ ಬಂದು ಇಬ್ಬರನ್ನೂ ಸುತ್ತಿಕೊಂಡು ಮಲಗುವುದನ್ನು ನೋಡಿದಾಗ ಕಣ್ಣು ತುಂಬುತ್ತದೆ. ಆದರೆ ಉಳಿದವರ ವಿಷಯದಲ್ಲಿ ಸಪೋಚ್ನಿಕ್ ಹೇಳಿದ್ದೇ ಸರಿ. ‘ಹಾರ್ಡ್‌ಹೋಮ್’ ಮತ್ತು ‘ಬ್ಯಾಟಲ್ ಆಫ್ ದಿ ಬಾಸ್ಟರ್ಡ್ಸ್’ ನಿರ್ದೇಶಿಸಿದವರು ಅವರು. ಇಂಥ ಯುದ್ಧದ ಅಳತೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ರಾತ್ರಿಯುದ್ಧದ ಕಥೆ ನಮಗೆ ಹೊಸದಲ್ಲ. ಮಹಾಭಾರತದ ದ್ರೋಣಪರ್ವದಲ್ಲಿ ಸೂರ್ಯ ಮುಳುಗಿದ ಮೇಲೂ ಯುದ್ಧ ನಿಲ್ಲುವುದಿಲ್ಲ. ರಥ, ಆನೆ, ಕುದುರೆಗಳಿಗೆಲ್ಲ ದೀಪ ಕಟ್ಟಿ ಹೋರಾಡುತ್ತಾರೆ. ಅವತ್ತು ಕರ್ಣನ ಕೈಯಲ್ಲಿದ್ದ ಶಕ್ತ್ಯಾಯುಧ ಅರ್ಜುನನಿಗಾಗಿ ಇಟ್ಟದ್ದು. ಅದು ಒಂದೇ ಸಲ ಬಳಸಬಹುದಾದ ಆಯುಧ. ಅರ್ಜುನ ಉಳಿಯಬೇಕು ಅಂದರೆ ಅದು ಬೇರೆಯವರ ಮೇಲೆ ಬೀಳಲೇಬೇಕು. ಘಟೋತ್ಕಚನ ಮೇಲೆ ಬಿತ್ತು. ಪಾಂಡವರೆಲ್ಲ ಅತ್ತರು. ಅರ್ಜುನ ಯಾಕೆ ಬದುಕಿದ ಅಂತ ಈ ಕಥೆ ಕೇಳಿದ ಮಗುವಿಗೂ ಗೊತ್ತು, ಅದಕ್ಕೆ ಯಾರು ಸತ್ತರು ಅಂತಲೂ ಗೊತ್ತು. ಇಂಥ ಕಥೆ ಕೇಳಿ ಬೆಳೆದವರಿಗೆ, ಬ್ರಿಯೆನ್, ಜೇಮಿ, ಸ್ಯಾಮ್ ಹೇಗೆ ಬದುಕಿದರು ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇಲ್ಲದಿರುವುದು ಸಣ್ಣ ವಿಷಯ ಅಲ್ಲ.

ಹಾಗಂತ ಬೆಲೆ ಕೊಟ್ಟ ಗಳಿಗೆಗಳು ಇಲ್ಲವೇ ಇಲ್ಲ ಅಂತಲ್ಲ. ಲಯಾನಾ ಮಾರ್ಮಂಟ್‌ಳನ್ನು ನೋಡಿ. ಪುಟ್ಟ ಹುಡುಗಿ, ತನ್ನ ದ್ವೀಪದ ಒಡತಿ. ಸತ್ತ ದೈತ್ಯ ಬಾಗಿಲು ಮುರಿದು ಒಳಗೆ ಬಂದು ಅವಳನ್ನು ಒಂದೇ ಏಟಿಗೆ ಬಿಸಾಡುತ್ತಾನೆ. ಎದ್ದು ನಿಂತು, ಕೂಗುತ್ತಾ, ಅವನ ಕಡೆಗೇ ಓಡುತ್ತಾಳೆ. ಮುಷ್ಟಿಯಲ್ಲಿ ಎತ್ತಿ ಹಿಸುಕುವಾಗ ಎಲುಬು ಮುರಿಯುವ ಸದ್ದು ಕೇಳುತ್ತದೆ. ಮುಖದ ಹತ್ತಿರ ತಂದಾಗ ಕಣ್ಣಿಗೆ ಚುಚ್ಚುತ್ತಾಳೆ. ಇಬ್ಬರೂ ಬೀಳುತ್ತಾರೆ. ಇಲ್ಲಿ ಕಟ್ ಇಲ್ಲ, ತಪ್ಪಿಸಿಕೊಳ್ಳುವುದಿಲ್ಲ. ಆಮೇಲೆ ನೈಟ್ ಕಿಂಗ್ ಕೈ ಎತ್ತಿ ಸತ್ತವರನ್ನು ಎಬ್ಬಿಸಿದಾಗ ಅವಳ ಕಣ್ಣೂ ನೀಲಿಯಾಗಿ ತೆರೆಯುತ್ತದೆ. ಎಡ್ ಕಣ್ಣೂ ತೆರೆಯುತ್ತದೆ. ಬೆಲ್ಲಾ ರಾಮ್ಸಿ ಆ ಪಾತ್ರಕ್ಕೆ ಜೀವ ತುಂಬಿದ್ದು ಸುಮ್ನೆ ಮಾತಲ್ಲ.

ಕಂದಕಕ್ಕೆ ಮೆಲಿಸಾಂಡ್ರೆ ಬೆಂಕಿ ಹಚ್ಚುವುದೂ ನನಗೆ ಇಷ್ಟ. ಮೊದಲ ಸಲ ಮಂತ್ರ ಫಲಿಸುವುದಿಲ್ಲ. ಎರಡನೇ ಸಲವೂ ಇಲ್ಲ. ಹೆಣಗಳು ಹತ್ತಿರ ಬರುತ್ತಿವೆ, ಅವಳ ದನಿ ನಡುಗುತ್ತದೆ. ಎಲ್ಲ ಗೊತ್ತು ಅಂತ ಮೆರೆಯುತ್ತಿದ್ದವಳ ಮುಖದಲ್ಲಿ ಅನುಮಾನ ಕಂಡ ಗಳಿಗೆ ಅದು.

ಇಡೀ ಕಂತಿನಲ್ಲಿ ಒಂದೇ ದೃಶ್ಯ ಉಳಿಸಿಕೋ ಅಂದರೆ ನಾನು ಗ್ರಂಥಾಲಯದ ದೃಶ್ಯ ಉಳಿಸಿಕೊಳ್ಳುತ್ತೇನೆ. ದೋತ್ರಾಕಿಗಳ ದೀಪಗಳಿಗಿಂತಲೂ ಹೆಚ್ಚು. ಅಷ್ಟು ಹೊತ್ತು ಕಿವಿಗಡಚಿಕ್ಕುವ ಗದ್ದಲ. ತಲೆಗೆ ಪೆಟ್ಟು ಬಿದ್ದ ಆರ್ಯಾ, ಬ್ರ್ಯಾನ್‌ನ ಅಕ್ಕ, ಒಳಗೆ ಓಡಿಬರುತ್ತಾಳೆ. ಒಮ್ಮೆಗೇ ಮೌನ. ಪುಸ್ತಕದ ಕಪಾಟುಗಳ ನಡುವೆ ಹೆಣಗಳು ಅಲೆಯುತ್ತಿವೆ. ಅವಳು ಮೇಜಿನ ಕೆಳಗೆ, ಕಪಾಟಿನ ಹಿಂದೆ ಸರಿಯುತ್ತಾಳೆ. ಹಣೆಯ ಗಾಯದಿಂದ ಒಂದು ಹನಿ ರಕ್ತ ನೆಲಕ್ಕೆ ಬೀಳುತ್ತದೆ. ಟಪ್. ಅಷ್ಟೇ ಸದ್ದು. ಒಂದು ಹೆಣ ತಲೆ ತಿರುಗಿಸುತ್ತದೆ. ಅವಳು ಒಂದು ಪುಸ್ತಕ ಎತ್ತಿ ದೂರ ಎಸೆಯುತ್ತಾಳೆ, ಅವು ಆ ಕಡೆ ಹೋಗುತ್ತವೆ. ಗೋಡೆಯ ಮೇಲೆ ನಿಂತು ಕೋಲು ತಿರುಗಿಸಿ ಹತ್ತಾರು ಹೆಣ ಉರುಳಿಸಿದವಳು ಇಲ್ಲಿ ಉಸಿರಾಡಲೂ ಹೆದರುತ್ತಾಳೆ. ಹಾಗಾಗಿಯೇ ಅವಳು ಮನುಷ್ಯಳಾಗಿ ಕಾಣುತ್ತಾಳೆ. ಈ ದೃಶ್ಯದಲ್ಲಿ ಕ್ಯಾಮೆರಾ ಅವಳನ್ನು ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಅವಳು ಹೇಗೆ ತಪ್ಪಿಸಿಕೊಂಡಳು ಅಂತ ಒಂದೊಂದು ಹೆಜ್ಜೆಯೂ ನಮಗೆ ಗೊತ್ತು. ಆಮೇಲೆ ಬೆರಿಕ್ ಸಾಯುವುದೂ ಅವಳನ್ನು ಉಳಿಸಲೆಂದೇ. ಬೆಂಕಿಗೆ ಹೆದರಿ ಮೂಲೆ ಸೇರಿದ್ದ ಹೌಂಡ್ ಅನ್ನುವ ಯೋಧ ಎದ್ದು ಬರುವುದೂ ಅವಳಿಗಾಗಿಯೇ. ಇಲ್ಲಿ ಎಲ್ಲದಕ್ಕೂ ಕಾರಣ ಇದೆ.

ಇಷ್ಟು ಚೆನ್ನಾಗಿ ಬರೆಯಬಲ್ಲವರು ನೆಲಮಾಳಿಗೆಯನ್ನು ಹಾಗೆ ಬಿಟ್ಟಿದ್ದು ಯಾಕೆ?

ನನಗೆ ಅತ್ಯಂತ ಬೇಸರದ ಭಾಗ ಇದು. ಹೋರಾಡಲಾಗದ ಹೆಂಗಸರು, ಮಕ್ಕಳು, ಮುದುಕರನ್ನು ಸ್ಟಾರ್ಕ್ ಮನೆತನದ ಗೋರಿಗಳಿರುವ ನೆಲಮಾಳಿಗೆಗೆ ಕಳಿಸುತ್ತಾರೆ. ಅದೇ ಸುರಕ್ಷಿತ ಜಾಗ ಅಂತ ಹಿಂದಿನ ಕಂತಿನಲ್ಲಿ ಎಷ್ಟು ಸಲ ಹೇಳಿಸಿದಿರಿ! ಬರುತ್ತಿರುವ ಶತ್ರು ಸತ್ತವರನ್ನು ಎಬ್ಬಿಸುವವನು. ನೋಡುವವರೆಲ್ಲ ವಾರವಿಡೀ ಇದೇ ಮಾತಾಡಿದರು. ಹೇಗಿದ್ದರೂ ಗೋರಿಯಲ್ಲೇ ಇದ್ದೇವಲ್ಲ ಅಂತ ವೇರಿಸ್ ಬಾಯಲ್ಲೇ ಹೇಳಿಸಿದ್ದೀರಿ. ಅಂದರೆ ನಿಮಗೂ ಗೊತ್ತಿತ್ತು. ಇರಲಿ, ಗೊತ್ತಿದ್ದೂ ಭಯ ಹುಟ್ಟಿಸಬಹುದು. ನಾವು ಕಾಯುತ್ತಿದ್ದೆವು.

ಆರ್ಯಾ ಗೋಡೆಯ ಮೇಲೆ ಸ್ಯಾನ್ಸಾ ಕೈಗೆ, ಎದ್ದ ಹೆಣಗಳನ್ನು ಕೊಲ್ಲಬಲ್ಲ ಡ್ರ್ಯಾಗನ್ ಗ್ಲಾಸ್ ಚೂರಿ ಕೊಡುತ್ತಾಳೆ. ಬಳಸೋದು ನನಗೆ ಬರಲ್ಲ ಅಂತ ಅಕ್ಕ ಅನ್ನುತ್ತಾಳೆ. ಚೂಪು ತುದಿಯಿಂದ ಚುಚ್ಚು ಅಂತ ತಂಗಿ ಹೇಳುತ್ತಾಳೆ. ಮೊದಲ ಸೀಸನ್ನಿನಲ್ಲಿ ಜಾನ್ ಇದೇ ಆರ್ಯಾಗೆ ಕತ್ತಿ ಕೊಟ್ಟು ಹೇಳಿದ ಮಾತು. ಎಷ್ಟು ಚೆಂದದ ಜೋಡಣೆ! ಆ ಚೂರಿ ಸ್ಯಾನ್ಸಾ ಜೊತೆ ಕೆಳಗೆ ಹೋಗುತ್ತದೆ. ಮೇಲಿನ ಕಿರುಚಾಟ ಕಲ್ಲಿನ ಗೋಡೆ ದಾಟಿ ಕೇಳಿಸುತ್ತದೆ. ಟಿರಿಯನ್ ಜೊತೆ ಅವಳು ಮಾತಾಡುತ್ತಾಳೆ. ನನ್ನ ಗಂಡಂದಿರಲ್ಲಿ ನೀನೇ ಒಳ್ಳೆಯವನು ಅನ್ನುವ ಅರ್ಥದ ಮಾತು. ಆ ಇಬ್ಬರ ಮಾತುಕತೆ ನನಗೆ ಬಹಳ ಇಷ್ಟ. ಆಮೇಲೆ ಗೋರಿಗಳು ಒಡೆಯುತ್ತವೆ.

ಒಡೆದ ಮೇಲೆ ಏನಾಯಿತು? ಹೆಸರಿಲ್ಲದ ಕೆಲವರು ಸಾಯುತ್ತಾರೆ. ಗೋರಿಯಿಂದ ಎದ್ದವರು ಯಾರು ಅಂತಲೂ ಗೊತ್ತಾಗುವುದಿಲ್ಲ. ಸ್ಯಾನ್ಸಾಳ ಮನೆತನದ ಹಿರಿಯರೇ ಅವಳ ಮೇಲೆ ಎದ್ದು ಬರುತ್ತಿದ್ದಾರೆ. ಅವಳ ಮುಖದಲ್ಲಿ ಅದರ ನೋವು ತೋರಿಸಲು ಒಂದು ಗಳಿಗೆ ಸಾಕಿತ್ತು, ಅದೂ ಇಲ್ಲ. ಟಿರಿಯನ್ ಮತ್ತು ಸ್ಯಾನ್ಸಾ ಒಂದು ಗೋರಿಯ ಮರೆಯಲ್ಲಿ ಕೂತು ಚೂರಿ ಹಿಡಿಯುತ್ತಾರೆ. ಅವಳ ಕೈಗೆ ಅವನು ಮುತ್ತಿಡುತ್ತಾನೆ. ಎದ್ದು ಹೊರಡುತ್ತಾರೆ. ಕಟ್. ಅಷ್ಟೇ. ಆ ಚೂರಿಯಿಂದ ಸ್ಯಾನ್ಸಾ ಏನು ಮಾಡಿದಳು ಅಂತ ನಾವು ನೋಡಲೇ ಇಲ್ಲ. ಮೇಲೆ ತಂಗಿಯ ಒಂದೊಂದು ಹೆಜ್ಜೆ ತೋರಿಸಿದಿರಿ. ಕೆಳಗೆ ಅಕ್ಕನ ಕೈಗೆ ಆಯುಧ ಕೊಟ್ಟು, ಆ ಮಾತನ್ನೂ ಹೇಳಿಸಿ, ಕೊನೆಗೆ ಅವಳನ್ನು ಕತ್ತರಿಸಿಬಿಟ್ಟಿರಿ. ಇಷ್ಟು ವರ್ಷ ಎಷ್ಟೆಲ್ಲ ಅನುಭವಿಸಿ ಗಟ್ಟಿಯಾದ ಹೆಣ್ಣುಮಗಳಿಗೆ ಅದು ನ್ಯಾಯವಾ?

ಇನ್ನು ಬ್ರ್ಯಾನ್ ಕೂತಿದ್ದ ದೇವವನ. ಥಿಯಾನ್ ಬಗ್ಗೆ ನನ್ನದೊಂದು ದೂರೂ ಇಲ್ಲ. ಈ ಬ್ರ್ಯಾನ್‌ನ ಮನೆಗೇ ದ್ರೋಹ ಮಾಡಿದವನು, ಈ ಕೋಟೆಯನ್ನೇ ಕಸಿದುಕೊಂಡವನು. ಈಗ ಅವನ ಮುಂದೆಯೇ ಬಿಲ್ಲು ಹಿಡಿದು ನಿಂತಿದ್ದಾನೆ. ಬಾಣಗಳೆಲ್ಲ ಮುಗಿಯುತ್ತವೆ. ಜೊತೆಯವರೆಲ್ಲ ಸಾಯುತ್ತಾರೆ. ನೀನು ಒಳ್ಳೆಯವನು ಥಿಯಾನ್ ಅಂತ ಬ್ರ್ಯಾನ್ ಹೇಳುತ್ತಾನೆ, ಧನ್ಯವಾದವನ್ನೂ ಹೇಳುತ್ತಾನೆ. ಆಲ್ಫೀ ಆಲೆನ್ ಮುಖ ನೋಡಿ ಆಗ. ಇಷ್ಟು ವರ್ಷ ಯಾರ ಬಾಯಿಂದಲಾದರೂ ಕೇಳಬೇಕು ಅಂತ ಕಾದಿದ್ದ ಮಾತು ಸಿಕ್ಕಿತು. ಗೆಲ್ಲಲ್ಲ ಅಂತ ಗೊತ್ತಿದ್ದೇ ಈಟಿ ಹಿಡಿದು ಓಡುತ್ತಾನೆ. ನೈಟ್ ಕಿಂಗ್ ಆ ಈಟಿಯನ್ನೇ ಮುರಿದು ಅವನಿಗೆ ಇರಿಯುತ್ತಾನೆ. ಬ್ರ್ಯಾನ್ ಮಾತ್ರ ಯುದ್ಧದ ಬಹುಪಾಲು ಮನಸ್ಸಿನಿಂದ ಕಾಗೆಗಳೊಳಗೆ ಹೋಗಿ ಏನು ಮಾಡಿದ ಅಂತ ಈ ಕಂತು ಹೇಳುವುದಿಲ್ಲ.

ಆರ್ಯಾ ನೈಟ್ ಕಿಂಗನ್ನು ಕೊಂದಿದ್ದಕ್ಕೆ ಸಿಟ್ಟಾದವರು ತುಂಬಾ ಜನ. ಜಾನ್ ಕೊಲ್ಲಬೇಕಿತ್ತು ಅಂದರು. ನನಗೆ ಆರ್ಯಾ ಸರಿ. ಅದು ಅವಳೇ ಅಂತ ಮೂರು ವರ್ಷ ಮುಂಚೆಯೇ ತೀರ್ಮಾನವಾಗಿತ್ತು ಅಂತ ಬೆನಿಯಾಫ್ ಅವರೇ, ನೀವು ಹೇಳಿದ್ದೀರಿ. ಆ ಚೂರಿಯ ದಾರಿಯೂ ಚೆನ್ನಾಗಿದೆ. ಮೊದಲ ಸೀಸನ್ನಿನಲ್ಲಿ ಬ್ರ್ಯಾನ್‌ನನ್ನು ಕೊಲ್ಲಲು ಬಂದವನ ಕೈಯಲ್ಲಿದ್ದ ಚೂರಿ ಅದು. ಏಳನೇ ಸೀಸನ್ನಿನಲ್ಲಿ ಬ್ರ್ಯಾನ್ ಅದನ್ನು ಆರ್ಯಾಗೆ ಕೊಟ್ಟಿದ್ದು ಇದೇ ಮರದ ಕೆಳಗೆ. ಒಂದು ಕೈಯಿಂದ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿಯುವ ಪಟ್ಟನ್ನು ಅವಳು ಬ್ರಿಯೆನ್ ಜೊತೆ ಅಭ್ಯಾಸದಲ್ಲಿ ತೋರಿಸಿದ್ದಳು. ರಾಮಿನ್ ಜವಾದಿಯವರ ಪಿಯಾನೋ ನಿಧಾನಕ್ಕೆ ಏರುತ್ತಾ, ಎಲ್ಲ ಸದ್ದನ್ನೂ ಅಳಿಸಿ, ಸೋಲು ಖಚಿತ ಅನ್ನಿಸುವವರೆಗೆ ಕರೆದೊಯ್ಯುತ್ತದೆ. ಈ ಕಂತಿನ ಸಂಗೀತಕ್ಕೆ ಎಮ್ಮಿ ಕೊಟ್ಟಿದ್ದು ನ್ಯಾಯ.

ನನಗೆ ಕೊರತೆ ಅನ್ನಿಸಿದ್ದು ಅವಳು ಅಲ್ಲಿಗೆ ಬಂದ ದಾರಿ. ಮೆಲಿಸಾಂಡ್ರೆ ಮಾತು ಕೇಳಿ, ‘ಇವತ್ತಲ್ಲ’ ಅಂತ ಹೇಳಿ ಓಡುತ್ತಾಳೆ. ಆಮೇಲೆ ಕಾಣುವುದು ನೈಟ್ ಕಿಂಗ್ ಜೊತೆಗಿದ್ದ ಒಬ್ಬ ವೈಟ್ ವಾಕರ್‌ನ ಕೂದಲು ಗಾಳಿಗೆ ಅಲ್ಲಾಡುವುದು, ಮತ್ತೆ ಅವಳ ನೆಗೆತ. ಗ್ರಂಥಾಲಯದಲ್ಲಿ ಹೇಗೆ ಸದ್ದಿಲ್ಲದೆ ನುಸುಳುತ್ತಾಳೆ ಅಂತ ನೀವೇ ನಮಗೆ ಕಲಿಸಿದ್ದಿರಿ. ಆ ವಿದ್ಯೆ ಬಳಸಿ ಅಷ್ಟು ದೊಡ್ಡ ಸೈನ್ಯದ ನಡುವೆ ದೇವವನಕ್ಕೆ ಬಂದ ನಾಲ್ಕು ಹೆಜ್ಜೆ ತೋರಿಸಿದ್ದರೆ ಆಶ್ಚರ್ಯ ಕಡಿಮೆಯಾಗುತ್ತಿತ್ತು ಅಂತ ನೀವು ಹೇಳಬಹುದು. ಆಗಲಿ. ಆದರೆ ಆ ಗೆಲುವು ಪೂರ್ತಿ ಅವಳದ್ದಾಗುತ್ತಿತ್ತು.

ಈ ಕಂತಿನ ಮೇಲೆ ನನಗಿರುವ ದೊಡ್ಡ ನೋವು ಈ ಕಂತಿನೊಳಗೆ ಇಲ್ಲ, ಎರಡು ಕಂತು ಆಚೆ ಇದೆ. ‘ದಿ ಬೆಲ್ಸ್’ನಲ್ಲಿ ರಾಜಧಾನಿಯ ಬಾಗಿಲು ಒಡೆದಾಗ ಕುದುರೆ ಏರಿದ ದೋತ್ರಾಕಿಗಳು ನುಗ್ಗುತ್ತಾರೆ. ದೊಡ್ಡ ಸಂಖ್ಯೆಯಲ್ಲಿ. ಹಾಗಾದರೆ ಆವತ್ತು ಆರಿದ ದೀಪಗಳು? ಖಾಲಿ ಕುದುರೆಗಳು? ಡೆನೇರಿಸ್ ಮುಖದಲ್ಲಿ ಕಂಡ ಆ ನೋವು? ನಾನು ಇಷ್ಟೊತ್ತು ಹೊಗಳಿದ ದೃಶ್ಯವನ್ನು ನೀವೇ ಹಿಂದಕ್ಕೆ ತಗೊಂಡಿರಿ. ಒಂದು ಜನಾಂಗದ ಸಾವನ್ನು ನಾವು ನಂಬಿ ದುಃಖಪಟ್ಟಿದ್ದೆವು.

ಉತ್ತರ ಐರ್ಲೆಂಡಿನ ಚಳಿಯಲ್ಲಿ, ಕೆಸರಿನಲ್ಲಿ 55 ರಾತ್ರಿ ನಿಂತು ಈ ಯುದ್ಧ ತೆಗೆದ ನಟರು, ಸ್ಟಂಟ್ ಕಲಾವಿದರು, ದೀಪ ಹಿಡಿದವರು, ಮೇಕಪ್ ಮಾಡಿದವರು ಎಲ್ಲರ ಬಗ್ಗೆ ನನಗೆ ಗೌರವ ಇದೆ. ಅವರ ಶ್ರಮ ದೊಡ್ಡದು. ಆ ಶ್ರಮಕ್ಕೆ ತಕ್ಕ ಹಾಗೆ ಬರವಣಿಗೆಯೂ ಕೊನೆತನಕ ಗಟ್ಟಿಯಾಗಿ ನಿಲ್ಲಬೇಕಿತ್ತು ಅನ್ನುವುದೇ ನನ್ನ ಸಂಕಟ.

ನೀವು ಈಗಲೂ ಬರೆಯುತ್ತಿದ್ದೀರಿ. 2024ರಲ್ಲಿ ‘3 ಬಾಡಿ ಪ್ರಾಬ್ಲಮ್’ ತಂದಿರಿ. ಮುಂದೆ ಇನ್ನೊಂದು ಯುದ್ಧ ಬರೆಯುವ ದಿನ ಬಂದೇ ಬರುತ್ತದೆ. ಆಗ ಒಂದು ಕೆಲಸ ಮಾಡಿ. ಯಾರು ಬದುಕಲೇಬೇಕೋ ಅವರ ಹೆಸರು ಮೊದಲೇ ಬರೆದಿಟ್ಟುಕೊಳ್ಳಿ. ಆ ಹೆಸರಿನವರನ್ನು ಹೆಣಗಳ ರಾಶಿಯ ಕೆಳಗೆ ಹಾಕಬೇಡಿ. ಬದುಕುವುದಕ್ಕೆ ಕಾರಣ ಇರುವ ಜಾಗದಲ್ಲಿ ನಿಲ್ಲಿಸಿ.

ಸ್ಯಾಮ್‌ಗೆ ಅಂಥ ಜಾಗ ನಿಮ್ಮ ಕಥೆಯಲ್ಲೇ ಇತ್ತು. ಹಿಂದಿನ ಕಂತಿನಲ್ಲಿ ಜಾನ್ ಅವನಿಗೆ ಹೇಳುತ್ತಾನೆ, ಪ್ರೇಯಸಿ ಗಿಲ್ಲಿ ಜೊತೆ ನೆಲಮಾಳಿಗೆಯಲ್ಲಿರು ಅಂತ. ಸ್ಯಾಮ್ ಒಪ್ಪುವುದಿಲ್ಲ. ವೈಟ್ ವಾಕರ್‌ನನ್ನು ಮೊದಲು ಕೊಂದವನು ನಾನು ಅನ್ನುತ್ತಾನೆ. ಅಲ್ಲಿ ಅವನು ಒಪ್ಪಿದ್ದರೆ ಹೇಗಿರುತ್ತಿತ್ತು ಅಂತ ಯೋಚಿಸಿ. ಮೇಲೆ ಯುದ್ಧದಲ್ಲಿ ಎಡ್ ಬೇರೆ ಯಾರನ್ನೋ ಉಳಿಸಿ ಸಾಯುತ್ತಿದ್ದ. ಜಾನ್ ಬೇರೆ ಯಾರನ್ನೋ ಬಿಟ್ಟು ಓಡುತ್ತಿದ್ದ, ಮತ್ತು ಅವರು ನಿಜವಾಗಿ ಸಾಯುತ್ತಿದ್ದರು. ಕೆಳಗೆ, ಅಷ್ಟೆಲ್ಲ ಪುಸ್ತಕ ಓದಿದ ಸ್ಯಾಮ್ ಕಲ್ಲಿನ ಗೋರಿಗಳನ್ನು ಒಮ್ಮೆ ನೋಡುತ್ತಾನೆ. ಎಲ್ಲರಿಗಿಂತ ಮೊದಲು ಅವನಿಗೆ ಹೊಳೆಯುತ್ತದೆ. ಮಗುವನ್ನು ಗಿಲ್ಲಿ ಕೈಗೆ ಕೊಟ್ಟು, ಚೂರಿ ಹಿಡಿಯುವುದು ಹೇಗೆ ಅಂತ ಸ್ಯಾನ್ಸಾಗೆ ತೋರಿಸುತ್ತಾನೆ. ಮೊದಲ ಗೋರಿ ಒಡೆಯುತ್ತದೆ. ಆಮೇಲೆ ಸ್ಯಾನ್ಸಾ ಏನು ಮಾಡುತ್ತಾಳೆ ಅಂತ ಕ್ಯಾಮೆರಾ ತಿರುಗಿಸದೆ ತೋರಿಸಿ.

ಇತಿ,
ನಿಮ್ಮ ಕಥೆಯನ್ನು ಎಂಟು ಸೀಸನ್ನೂ ನೋಡಿದ ಕನ್ನಡದ ಒಬ್ಬ ಪ್ರೇಕ್ಷಕ